ಏಳನೆಯ ಕೊಂಡಿ

ಬೆಂಗಳೂರಿನ ಗಿರಾಕಿ ಇದಾನಲ್ಲ, ಅವನು ಸ್ಟೀಲ್ ಗೇಟು ನೋಡೋದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ಗೇಟು ಭದ್ರವಾಗಿದೆಯೋ, ಕೀಲು ಸರಿಯಾಗಿ ಕೂತಿದೆಯೋ, ಅದೆಲ್ಲ ಅವನಿಗೆ ಬೇಡ. ಎರಡು ಪೈಪು ಕೂಡೋ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಂದೆ ಮುಂದೆ ಸವರುತ್ತಾನೆ. ಬೆಸುಗೆ ಕೂದಲೆಳೆಯಷ್ಟು ಕೈಗೆ ತಟ್ಟಿತೋ, ಮುಗೀತು ಕತೆ. "ಏನ್ರೀ ಇದು, ಫಿನಿಶಿಂಗೇ ಇಲ್ಲ" ಅಂತ ಮುಖ ಸಿಂಡರಿಸಿಕೊಂಡು ಹೊರಟೇಬಿಡುತ್ತಾನೆ. ಈ ಹೆಬ್ಬೆರಳಿಗೆ ಹೆದರಿಕೊಂಡೇ ಮಾನಪ್ಪ ಹದಿನೆಂಟು ವರ್ಷ ಬಾಳಿದ್ದ.

ಮಾನಪ್ಪ ಸುರಪುರದ ಕಡೆಯವನು, ಕಮ್ಮಾರರ ಮನೆಯವನು. ಅಪ್ಪ ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದ. ಮಗ ಹಲಸೂರು ಕೆರೆಯ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಶೆಡ್ಡು ಹಿಡಿದು ಸ್ಟೀಲ್ ಕೆಲಸ ಶುರು ಮಾಡಿದ. ಬೆಸುಗೆ, ಗ್ರೈಂಡಿಂಗ್ ಅವನದು, ಹೊಳಪು ಕೊಡೋ ಬಫಿಂಗ್ ಚಕ್ರ ಹೆಂಡತಿ ಸಾಬಮ್ಮನದು. ಸಾಬಮ್ಮನ ಕೈಯಿಂದ ಬಂದ ಪೈಪಿನಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೀಬೋದು ಅಂತ ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಇಬ್ಬರಿಗೂ ಅದು ಹೆಮ್ಮೆಯೇ. ಬೆಸುಗೆ ಕಾಣೋ ಸಾಮಾನು ಈ ಅಂಗಡಿಯ ಹೊಸ್ತಿಲು ದಾಟಬಾರದು, ಅಷ್ಟೇ ಅವರ ಮನೆಯ ಕಾನೂನು.

ಇಂಥ ಅಂಗಡಿಗೆ ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲದಲ್ಲಿ ತೌಹೀದ್ ಸಾಹೇಬರು ಬಂದರು. ಫ್ರೇಜರ್ ಟೌನಿನವರು, ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾಗಿದ್ದವರು. ಬಂದವರು ಗೇಟು ಕೇಳಲಿಲ್ಲ, ಬಾಲ್ಕನಿ ರೇಲಿಂಗ್ ಕೇಳಲಿಲ್ಲ.

"ಮಾನಪ್ಪ, ನಂಗೊಂದು ದೋಣಿ ಇದೆ. ಮೂವತ್ತಾರು ಅಡಿ ಉದ್ದ, ಹಾಯಿ ದೋಣಿ. ಕೊಚ್ಚಿಯಲ್ಲಿದೆ. ಅದರ ಮೇಲಿನ ಸಾಮಾನೆಲ್ಲ ತುಕ್ಕು ಹಿಡಿದು ಹೋಗಿದೆ. ಹೊಸದು ನೀನು ಮಾಡ್ಕೊಡ್ಬೇಕು."

ಮಾನಪ್ಪ ನಕ್ಕುಬಿಟ್ಟ. "ಸಾಹೇಬ್ರ, ನಾ ಸಮುದ್ರನೇ ನೋಡಿಲ್ರೀ. ನಮ್ ಕಡಿ ಕೃಷ್ಣಾ ನದಿಗೆ ಹರಗೋಲು ಹಾಕ್ತಾರ, ಅದಕ್ಕ ಸ್ಟೀಲ್ ಬೇಕಾಗಲ್ಲ."

"ನೋಡಿಲ್ವಾ? ಬಾ, ನಮ್ಮನೆ ತಾರಸಿ ಮೇಲೆ ತೋರಿಸ್ತೀನಿ."

ಹುಡುಗಾಟಕ್ಕೆ ಹೇಳಿದ್ದಲ್ಲ. ಮಸೀದಿ ರಸ್ತೆಯಿಂದ ಒಳಗೆ ಎರಡು ತಿರುವು ಹೋದರೆ ಅವರ ಹಳೇ ಮನೆ. ಅದರ ತಾರಸಿಯ ತುಂಬ ಬಿಳಿ ಬಣ್ಣದಲ್ಲಿ ದೋಣಿಯನ್ನ ಇದ್ದ ಅಳತೆಗೇ ಬರೆದಿಟ್ಟಿದ್ದರು. ಮುಂದೆ ಚೂಪು, ನಡುವೆ ಹೊಟ್ಟೆ, ಹಿಂದೆ ಮೊಂಡು. ಹೆಂಡತಿ ಸುಮೈರಾ ಬಟ್ಟೆ ಒಣಗಿಹಾಕುತ್ತಾ, "ನೋಡಿ ಮಾನಪ್ಪಾ, ನಿಮ್ ಮನೆಗಳಲ್ಲಿ ಹೆಂಗಸರು ರಂಗೋಲಿ ಬಿಡ್ತಾರೆ, ನಮ್ಮನೇಲಿ ಇವ್ರು ಬಿಡ್ತಾರೆ" ಅಂದರು. ಆಯಮ್ಮನೂ ಗಂಡನ ಜೊತೆ ಸಮುದ್ರಕ್ಕೆ ಹೊರಡುವವರೇ. ಕೊಚ್ಚಿಯಿಂದ ಓಮಾನ್‌ವರೆಗೆ, ಇಬ್ಬರೇ.

ಸಾಹೇಬರಿಗೊಂದು ಶಿಸ್ತು. ದೋಣಿಯನ್ನ ಯಾವಾಗಲೂ ಮೂತಿಯಿಂದ ಬಾಲಕ್ಕೆ ನೋಡಬೇಕು, ನಡುವೆ ಹೊಕ್ಕು ಅಲ್ಲಿ ಇಲ್ಲಿ ಇಣುಕಬಾರದು. ದಿನಾ ಬೆಳಿಗ್ಗೆ ಹಾಗೇ ನೋಡಿಕೊಂಡು ಬಂದರೆ ಒಂದು ಸ್ಕ್ರೂ ಸಡಿಲವಾದರೂ ತಪ್ಪಿಸಿಕೊಳ್ಳೋದಿಲ್ಲ ಅಂತ ಅವರ ಮಾತು. ಮಾನಪ್ಪನನ್ನೂ ಹಾಗೇ ನಡೆಸಿದರು. ಮೊದಲು ಮೂತಿಯ ರೇಲಿಂಗು. ಅದರ ಬುಡದಲ್ಲಿ ಲಂಗರಿನ ಸರಪಳಿ ಉರುಳೋ ರೋಲರ್ರು. ಆಮೇಲೆ ಹಗ್ಗ ಸುತ್ತೋ ಗೂಟಗಳು. ಎರಡೂ ಅಂಚಿಗೆ ಸಾಲು ಕಂಬ, ಅವಕ್ಕೆ ತಂತಿ. ನಡುವೆ ಹಾಯಿಕಂಬ. ಅದರ ಹಿಂದೆ ಹಗ್ಗ ಬಿಗಿಯೋ ವಿಂಚುಗಳು. ಆಮೇಲೆ ಒಂದು ಗುಂಡಿಯಂಥ ಜಾಗ, ದೋಣಿ ನಡೆಸುವವರು ಕೂರೋದು ಅಲ್ಲಿ. ಕಟ್ಟಕಡೆಗೆ ಚುಕ್ಕಾಣಿ. ಮಾನಪ್ಪ ವಾರಕ್ಕೆರಡು ಸಲ ಬಂದು ಆ ಬಿಳಿ ಗೆರೆಯೊಳಗೆ ಅಡ್ಡಾಡಿದ. ಕಣ್ಣು ಮುಚ್ಚಿಕೊಂಡರೂ ಯಾವ ಹೆಜ್ಜೆಗೆ ಏನು ಸಿಗುತ್ತೆ ಅಂತ ಹೇಳುವಷ್ಟು ರೂಢಿಯಾಯಿತು. ನಿಜ ಹೇಳಬೇಕಂದರೆ ಅವನಿಗೆ ಆ ದೋಣಿಯ ಹುಚ್ಚು ಹಿಡಿದಿತ್ತು.

ಕೂರೋ ಗುಂಡಿಯ ಹತ್ತಿರ ಸಾಹೇಬರು ನಿಂತು, ಆರು ಕಡೆ ಗುಂಡಗೆ ಸುತ್ತು ಹಾಕಿದ್ದನ್ನ ತೋರಿಸಿದರು.

"ಇಲ್ಲಿ ಆರು ಕೊಂಡಿ ಬೇಕು. ದಪ್ಪ ಪ್ಲೇಟಿನ ಮೇಲೆ ಬಗ್ಗಿಸಿದ ಸಲಾಕೆ, ಎರಡೂ ಕಾಲಿಗೆ ಬೆಸುಗೆ. ನೋಡೋಕೆ ಚಿಲಕದ ಕೊಂಡಿ ಹಾಗೇ. ಆದ್ರೆ ಮಾನಪ್ಪ, ಗಾಳಿ ಜೋರಾದಾಗ ನಾವು ಸೊಂಟಕ್ಕೆ ಬೆಲ್ಟ್ ಹಾಕಿ ಅದರ ಹಗ್ಗಾನ ಈ ಕೊಂಡಿಗೇ ಸಿಕ್ಕಿಸೋದು. ಅಲೆ ಎತ್ತಿ ಒಗೀತು ಅಂದ್ರೆ ನಮ್ಮನ್ನ ಹಿಡ್ಕೊಳ್ಳೋಕೆ ಬೇರೆ ಏನೂ ಇರಲ್ಲ. ಇದಕ್ಕೆ ಮಾತ್ರ ಬೆಸುಗೆ ದಪ್ಪಗೆ ಹಾಕು, ಉಜ್ಜಬೇಡ. ಎಷ್ಟು ಅಸಹ್ಯವಾಗಿ ಕಾಣುತ್ತೋ ಕಾಣ್ಲಿ. ಗ್ರೈಂಡರ್ ತಾಗಿಸ್ಲೇಬಾರದು. ತಿಳೀತಾ?"

"ತಿಳೀತ್ರೀ."

ತಿಳಿದಿತ್ತು, ಇಲ್ಲ ಅನ್ನೋ ಹಾಗಿಲ್ಲ. ಲೆಕ್ಕಕ್ಕೆ ಆರು, ಕೈಗೊಂದು ಹೆಚ್ಚಿಗೆ ಇರಲಿ ಅಂತ ಏಳು ಕೊಂಡಿ ಮಾಡಿದ. ಬೆಸುಗೆ ದಪ್ಪಗೇ ಹಾಕಿದ. ಮಾರನೇ ದಿನ ಸಾಮಾನೆಲ್ಲ ಒಪ್ಪಿಸಬೇಕು, ಮೇಜಿನ ಮೇಲೆ ಎಲ್ಲವೂ ಥಳಥಳ ಹೊಳೀತಿದೆ, ಈ ಏಳು ಮಾತ್ರ ಬೆಸುಗೆ ಉಬ್ಬಿಕೊಂಡು, ಸುಟ್ಟು ಕಪ್ಪಗಾಗಿ, ಮದುವೆ ಮನೆಗೆ ಮುಖ ತೊಳೀದೆ ಬಂದವರ ಹಾಗೆ ಕೂತಿವೆ. ಸಾಬಮ್ಮ ಒಂದನ್ನ ಎತ್ತಿ ನೋಡಿ ಮೂಗು ಮುರಿದಳು.

"ಇವು ಹಿಂಗ ಹೋಗ್ತಾವೇನ್ರೀ? ನಮ್ ಅಂಗಡಿವು ಅಂದ್ರ ಯಾರರ ನಂಬ್ತಾರೇನು?"

"ಸಾಹೇಬ್ರು ಉಜ್ಜಬ್ಯಾಡ ಅಂದಾರ."

"ಅಂದಾರಂದ್ರ ಇರ್ಲಿ ಬಿಡ್ರಿ" ಅಂದು ಅವಳು ಒಲೆ ಹಚ್ಚೋಕೆ ಮನೆಗೆ ಹೋದಳು. ಅಲ್ಲಿಗೆ ಅವಳ ಪಾಲು ಮುಗೀತು, ಅವಳ ಮೇಲೆ ತಪ್ಪು ಹೊರಿಸಬೇಡಿ.

ಮಾನಪ್ಪ ಒಬ್ಬನೇ ಉಳಿದ. ಹೆಬ್ಬೆರಳಿನಿಂದ ಒಂದು ಬೆಸುಗೆ ಸವರಿದ. ಗರಗರ ಅಂತು. ಮೈಯೆಲ್ಲ ಜುಮ್ಮೆಂದಿತು ಅವನಿಗೆ. ಒಂಚೂರು, ಮೇಲಿನ ಕಪ್ಪು ಹೋಗೋವಷ್ಟು ಅಂತ ಗ್ರೈಂಡರ್ ಎತ್ತಿಕೊಂಡ. ಒಂಚೂರು ತೆಗೆದ ಮೇಲೆ ಇನ್ನೊಂಚೂರು ಏರುಪೇರು ಕಂಡಿತು, ಅದನ್ನೂ ತೆಗೆದ. ಒಂದು ನುಣುಪಾದ ಮೇಲೆ ಉಳಿದ ಆರನ್ನ ಹೇಗೆ ಬಿಡೋದು? ಕಡೆಗೆ ಬಫಿಂಗ್ ಚಕ್ರಕ್ಕೂ ಹಿಡಿದ. ಸಲಾಕೆ ಪ್ಲೇಟಿನಿಂದಲೇ ಹುಟ್ಟಿ ಬಂದ ಹಾಗಾಯಿತು. ಎಂಥಾ ಕೆಲಸ ಅಂತೀರಿ! ತನ್ನ ಕೆಲಸ ನೋಡಿ ತಾನೇ ಒಂದು ಬೀಡಿ ಹಚ್ಚಿಕೊಂಡ.

ಮರುದಿನ ತೌಹೀದ್ ಸಾಹೇಬರು ಒಂದೊಂದನ್ನೇ ತಿರುಗಿಸಿ ನೋಡಿದರು. ಕೊಂಡಿ ಕೈಗೆ ಬಂದಾಗ ಹುಬ್ಬು ಗಂಟಿಕ್ಕಿತು.

"ಇದನ್ನ ಉಜ್ಜಿದೀಯೇನಯ್ಯಾ?"

ಸಾಹೇಬರು ಮಾನಪ್ಪನ ಮುಖವನ್ನೇ ನೋಡುತ್ತಿದ್ದರು. ಹೌದು ಅಂದಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಬೇರೆ ಆರು ಮಾಡು ಅನ್ನುತ್ತಿದ್ದರು, ಒಂದು ದಿನದ ಕೆಲಸ. ಆದರೆ ಇಷ್ಟು ದಿನ ಹೊಗಳಿದ ಬಾಯಿಂದ ಬೈಸಿಕೊಳ್ಳೋಕೆ ಅವನಿಗೆ ನಾಚಿಕೆಯಾಯಿತು.

"ಇಲ್ರೀ ಸಾಹೇಬ್ರ. ಸುಮ್ನ ಬಟ್ಟಿಲೆ ಒರಸೀನಿ. ನನ್ ಬೆಸುಗೆನೇ ಹಂಗ ಇರ್ತದ."

"ನೀನು ಹೇಳಿದ ಮೇಲೆ ಸರಿ" ಅಂದು ಸಾಹೇಬರು ಆರು ಕೊಂಡಿ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಏಳನೆಯದು ಅಂಗಡಿಯ ಮೊಳೆಗೆ ತಗಲಿಹಾಕಿಕೊಂಡು ಉಳಿಯಿತು.

ನವೆಂಬರಿನಲ್ಲಿ ಗಂಡಹೆಂಡಿರು ಕೊಚ್ಚಿಯಿಂದ ಹೊರಟರು. ಹೊರಟ ಏಳನೇ ದಿನ ಮಧ್ಯಾಹ್ನ, ಕಾಕ್ಸ್ ಟೌನಿನ ಹೊಸ ಅಪಾರ್ಟ್‌ಮೆಂಟಿನ ಗೇಟನ್ನ ಮಾನಪ್ಪ ಚೈನ್ ಪುಲ್ಲಿಗೆ ತೂಗಿಹಾಕಿ ಬಫಿಂಗಿಗೆ ಎತ್ತಬೇಕಾಗಿತ್ತು. ಶೆಡ್ಡಿನ ತೊಲೆಗಿದ್ದ ಹಳೇ ಕೊಕ್ಕೆ ಸವೆದಿತ್ತು. ಮೊಳೆಗೆ ತಗಲಿಸಿದ್ದ ಏಳನೇ ಕೊಂಡಿ ಕಣ್ಣಿಗೆ ಬಿತ್ತು. ಅದನ್ನೇ ತೊಲೆಗೆ ಬೋಲ್ಟು ಹಾಕಿ ಬಿಗಿದು, ಪುಲ್ಲಿಯನ್ನ ಅದಕ್ಕೆ ತಗಲಿಸಿ ಎಳೆದ. ಗೇಟು ನೆಲ ಬಿಟ್ಟು ಎರಡಡಿ ಏರಿರಬೇಕು, ಮೇಲೆ ಠಣ್ ಅಂತ ಸದ್ದಾಯಿತು, ಗೇಟು ಅವನ ಪಾದದ ಪಕ್ಕಕ್ಕೇ ದೊಪ್ಪನೆ ಕೆಡೆಯಿತು.

"ಯವ್ವಾ!" ಅಂತ ಸಾಬಮ್ಮ ಓಡಿಬಂದಳು. "ಕಾಲಿಗ್ ಬಡೀತೇನ್ರೀ? ಯಾಕ ಹಂಗ ನಿಂತೀರಿ?"

ಮಾನಪ್ಪ ಮೇಲೆ ನೋಡುತ್ತಿದ್ದ. ಏಣಿ ಹತ್ತಿ ಕೊಂಡಿ ಬಿಚ್ಚಿಕೊಂಡು ಬಂದ. ಒಂದು ಕಾಲು ಪ್ಲೇಟಿನಿಂದ ಕಿತ್ತು ಬಂದಿತ್ತು, ಇನ್ನೊಂದು ಬಗ್ಗಿಕೊಂಡು ಹಾಗೇ ನಿಂತಿತ್ತು. ಕಿತ್ತ ಜಾಗವನ್ನ ಬೆಳಕಿಗೆ ಹಿಡಿದು ನೋಡಿದ. ಬೆಸುಗೆ ಒಳಗೆ ಇಳಿದೇ ಇರಲಿಲ್ಲ. ತೆಳು ಪೈಪಿನ ಕೈ ಅವನದು, ದಪ್ಪ ಸಲಾಕೆಗೆ ಅವನು ಹಾಕಿದ್ದ ಬೆಸುಗೆಯ ಬಲವೆಲ್ಲ ಮೇಲೆ ಉಬ್ಬಿದ್ದರಲ್ಲೇ ಇತ್ತು. ಆ ಉಬ್ಬನ್ನ ತಾನೇ ಉಜ್ಜಿ ತೆಗೆದು, ಉಗುರಿನಷ್ಟು ತೆಳು ಪದರ ಬಿಟ್ಟಿದ್ದ. ಅದೂ ಕನ್ನಡಿ ಹಾಗೆ ಹೊಳೆಯೋ ಪದರ.

"ಇಂಥವೇ ಆರು" ಅಂದ ಹೆಂಡತಿಗೆ.

ಸಾಬಮ್ಮ ಕೊಂಡಿ ನೋಡಿದಳು, ಗಂಡನ ಮುಖ ನೋಡಿದಳು. "ಉಜ್ಜೀರೇನು?"

"ಉಜ್ಜೀನಿ."

"ಅಯ್ಯ ನಿಮ್ಮ! ಆ ಯಪ್ಪ ಬ್ಯಾಡಂದ್ರೂ?" ಅಂದವಳು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು. ಆಮೇಲೆ ಅವಳೇ ಎದ್ದು, "ಹೋಗ್ರಿ. ಮದ್ಲ ಹೋಗಿ ಹೇಳಿ ಬರ್ರಿ" ಅಂತ ಅಂಗಿ ತಂದು ಕೊಟ್ಟಳು.

ಹೋಗಿ ಹೇಳಿ ಬರೋಕೆ ಅವರೇನು ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಕೂತಿದಾರೆಯೇ? ಗೊತ್ತಿದ್ದೂ ಮಾನಪ್ಪ ಓಡಿದ. ಮುರಿದ ಕೊಂಡಿ ಜೇಬಿನಲ್ಲಿ ತೊಡೆಗೆ ಬಡಿಯುತ್ತಿತ್ತು.

ಫ್ರೇಜರ್ ಟೌನಿನ ಮನೆಯ ಕೆಳಗಿನ ಭಾಗದಲ್ಲಿ ಸಾಹೇಬರ ಅಕ್ಕ ಶಂಶುನ್ನೀಸಾ ಇದ್ದರು. ಎಪ್ಪತ್ತರ ಹತ್ತಿರದವರು, ಒಂಟಿ ಜೀವ, ತಮ್ಮನೇ ಅವರಿಗೆ ಎಲ್ಲ. ಮಾನಪ್ಪನನ್ನ ನೋಡಿ ಮುಖ ಅರಳಿಸಿದರು.

"ಅರೇ ಮಾನಪ್ಪಾ, ಬನ್ನಿ ಬನ್ನಿ. ಚಾ ಕುಡೀತೀರಾ?"

"ಅಮ್ಮಾ, ಸಾಹೇಬ್ರಿಗೆ ಒಂದು ಮಾತು ಹೇಳಬೇಕಾಗಿತ್ರೀ. ಅರ್ಜೆಂಟು. ಫೋನ್ ಮಾಡಕ್ಕಾಗ್ತದೇನು?"

"ನಡುನೀರಲ್ಲಿ ಎಲ್ಲಿಯ ಫೋನು? ದಡ ಮುಟ್ಟಿದ ಮೇಲೇನೇ. ರೇಡಿಯೋ ಇದೆ ಅಷ್ಟೆ. ಕೆ.ಆರ್. ಪುರದಲ್ಲಿ ಮುನಿವೆಂಕಟಪ್ಪ ಅಂತ, ಟೆಲಿಫೋನ್ ಫ್ಯಾಕ್ಟರಿಯಲ್ಲಿದ್ದವರು, ಮನೇಲೇ ರೇಡಿಯೋ ಸ್ಟೇಷನ್ ಇಟ್ಕೊಂಡಿದಾರೆ. ದಿನಾ ಸಾಯಂಕಾಲ ಐದಕ್ಕೆ ತೌಹೀದ್ ಜೊತೆ ಮಾತಾಡ್ತಾರೆ. ಏನು ಹೇಳಬೇಕು ಹೇಳಿ, ಈಗಲೇ ಅವರಿಗೆ ಫೋನ್ ಮಾಡಿ ಬರೆಸಿಬಿಡ್ತೀನಿ."

ಫೋನಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದರು ಆಯಮ್ಮ. ನಿಮ್ಮ ತಮ್ಮನ ಜೀವ ಕಟ್ಟಿರೋ ಕೊಂಡಿ ಮುರಿಯುತ್ತೆ ಅಂತ ಆ ಮುಖಕ್ಕೆ ಹೇಗೆ ಹೇಳೋದು? ಮಾನಪ್ಪ ಜೇಬಿನೊಳಗಿನ ಕೊಂಡಿಯನ್ನ ಅಂಗೈಯಲ್ಲಿ ಮುಚ್ಚಿಕೊಂಡ.

"ಅದು… ಸ್ಟೀಲಿನ ವಿಷಯ್ರೀ ಅಮ್ಮಾ. ನಾನೇ ಹೋಗಿ ಹೇಳ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ. ಅವನ ದನಿ ಕೇಳಿ ಮೂರು ದಿನ ಆಯ್ತು."

ಎರಡನೇ ಸಲ ಸತ್ಯ ನುಂಗಿದ್ದು ಅದು. ನಾಲ್ಕು ಗಂಟೆಗೆ ಆಟೋ ಹತ್ತಿದರು. ಜಿಟಿಜಿಟಿ ಮಳೆ. ದಾರಿಯುದ್ದಕ್ಕೂ ಶಂಶುನ್ನೀಸಾ ತಮ್ಮನ ಚಿಕ್ಕಂದಿನ ಕತೆ ಹೇಳಿದರು, ಹಲಸೂರು ಕೆರೆಯಲ್ಲಿ ಬಾಳೆದಿಂಡು ಕಟ್ಟಿಕೊಂಡು ತೇಲಿದ್ದು, ಅಪ್ಪನಿಂದ ಒದೆ ತಿಂದಿದ್ದು. "ನಿಮ್ಮನ್ನ ಎಷ್ಟು ಹೊಗಳ್ತಾನೆ ಗೊತ್ತಾ? ಆಪಾ, ನನ್ನ ಹಡಗುಗಳಲ್ಲೂ ಇಂಥ ಕೈ ನೋಡಿಲ್ಲ ಅಂತಾನೆ" ಅಂದರು. ಮಾನಪ್ಪ ಆಟೋದ ಹೊರಗೆ ಮುಖ ತಿರುಗಿಸಿದ. ಟಿನ್ ಫ್ಯಾಕ್ಟರಿ ಹತ್ತಿರ ಲಾರಿ, ಬಸ್ಸು, ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಡ್ರೈವರ್ ಎಂಜಿನ್ ಆಫ್ ಮಾಡಿ, "ಏನ್ ಮಾಡೋದು ಗುರು, ಇದು ದಿನಾ ಇರೋದೆ" ಅಂದು ಹಿಂದಕ್ಕೆ ಒರಗಿಕೊಂಡ. ಐದು ಗಂಟೆ ಅಲ್ಲೇ ಆಯಿತು.

ಮುನಿವೆಂಕಟಪ್ಪನವರ ಮನೆ ಹುಡುಕೋದು ಕಷ್ಟವಾಗಲಿಲ್ಲ, ತೆಂಗಿನ ಮರಕ್ಕಿಂತ ಎತ್ತರಕ್ಕೆ ಕಂಬ, ಅದರಿಂದ ತಂತಿ. ಒಳಕೋಣೆಯಲ್ಲಿ ಮುದುಕರು ಬನಿಯನ್ನು ಹಾಕಿಕೊಂಡು ಪೆಟ್ಟಿಗೆಗಳ ಮುಂದೆ ಕೂತಿದ್ದರು. ಬಂದವರನ್ನ ನೋಡಿ ತುಟಿಗೆ ಬೆರಳಿಟ್ಟರು. ಭೋರ್ ಅನ್ನೋ ಗದ್ದಲದ ನಡುವೆ ತೌಹೀದ್ ಸಾಹೇಬರ ದನಿ ಬರುತ್ತಿತ್ತು.

"…ಬೆಳಿಗ್ಗೆಯಿಂದ ಗಾಳಿ ಹೆಚ್ಚಾಗಿದೆ. ದೊಡ್ಡ ಹಾಯಿ ಪೂರ್ತಿ ಇಳಿಸಿದೀವಿ. ಇಬ್ಬರೂ ಆರಾಮ. ಆಪಾ ಆರಾಮಾ?"

ಮುನಿವೆಂಕಟಪ್ಪ ಮೇಜಿನ ಮೇಲಿನ ಪುಟ್ಟ ಕೀಲಿಯನ್ನ ಎರಡು ಸಲ ಒತ್ತಿದರು. ಕುಂಯ್, ಕುಂಯ್.

"ಮಾತಾಡ್ರೀ, ಯಾಕ ಮಾತಾಡ್ತಿಲ್ರೀ?" ಅಂದ ಮಾನಪ್ಪ.

"ನಿನ್ನೆಯಿಂದ ನಮ್ಮ ಮಾತು ಅವರಿಗೆ ಮುಟ್ತಿಲ್ಲಪ್ಪಾ. ಅಲ್ಲಿ ಸಿಡಿಲು, ಬರೀ ಗದ್ದಲ. ಈ ಕುಂಯ್ ಒಂದೇ ಕೇಳೋದು. ಈ ಕುಂಯ್‌ನಲ್ಲೇ ಅಕ್ಷರ ಕಟ್ಟಿ ಮೋರ್ಸ್ ಕೋಡ್ ಕಳಿಸೋಣ ಅಂದ್ರೆ, ತೌಹೀದ್ ಅದನ್ನ ರೇಡಿಯೋ ಲೈಸೆನ್ಸ್ ಪರೀಕ್ಷೆಗೆ ಅಂತ ಉರು ಹೊಡೆದಿದ್ದ, ಪಾಸಾದ ಮೇಲೆ ಮರೆತುಬಿಟ್ಟಿದಾನೆ. ಅದಕ್ಕೇ ಅವನು ಕೇಳೋದು, ನಾನು ಒತ್ತೋದು. ಒಂದು ಸಲ ಒತ್ತಿದ್ರೆ ಇಲ್ಲ, ಎರಡು ಸಲ ಅಂದ್ರೆ ಹೌದು."

ಮಾನಪ್ಪ ಅವರ ಕಿವಿಗೆ ಬಾಗಿ, ಶಂಶುನ್ನೀಸಾಗೆ ಕೇಳದ ಹಾಗೆ, ಎಲ್ಲ ಹೇಳಿದ. ಮುದುಕರು ತಿರುಗಿ ಅವನನ್ನ ದುರುಗುಟ್ಟಿಕೊಂಡು ನೋಡಿದರು.

"ಅಯ್ಯೋ ಪಾಪಿ" ಅಂದರು ಮೆಲ್ಲಗೆ.

ಅಷ್ಟರಲ್ಲಿ ರೇಡಿಯೋದಲ್ಲಿ ಸಾಹೇಬರು, "ಸರಿ, ಬ್ಯಾಟರಿ ಕಮ್ಮಿ ಇದೆ. ಬೆಲ್ಟ್ ಹಾಕ್ಕೊಂಡು ಮೇಲೆ ಕೂರ್ತೀನಿ. ನಾಳೆ ಐದಕ್ಕೆ ಸಿಗೋಣ" ಅಂದರು.

ಮುನಿವೆಂಕಟಪ್ಪ ಕೀಲಿಯನ್ನ ಒಂದು ಸಲ ಒತ್ತಿದರು.

"ಇಲ್ವಾ? ಏನು ಇಲ್ಲ? ಮನೇಲಿ ಏನಾದ್ರೂ ಆಗಿದ್ಯಾ?"

ಒಂದು.

"ಗಾಳಿ ಮಳೆ ವಿಷಯಾನಾ?"

ಒಂದು.

"ಮತ್ತೇನು, ದೋಣಿ ವಿಷಯಾನಾ?"

ಎರಡು.

ಆ ಕಡೆಯಿಂದ ನಗು ಬಂತು. "ಬೆಂಗಳೂರಲ್ಲಿ ಕೂತು ನನ್ನ ದೋಣಿಗೆ ಏನಾಗಿದೆ ಅಂತ ಹೇಳ್ತಿದೀರಾ? ಭೇಷ್. ಒಳಗಡೆದಾ?"

ಒಂದು.

"ಮೇಲುಗಡೆದು. ಸರಿ, ಬೇಗ ಬೇಗ ಹೇಳ್ತೀನಿ. ಮುಂದಿನಿಂದ ಬರೋಣ. ಮೂತಿಯ ರೇಲಿಂಗಾ?"

ಅಯ್ಯೋ, ಆ ಶಿಸ್ತು! ಹಿಂದಿನಿಂದ ಶುರು ಮಾಡಿದ್ದರೆ ಎರಡನೇ ಮಾತಿಗೇ ಸಿಕ್ಕಿಬಿಡುತ್ತಿತ್ತು. ಮಾನಪ್ಪ ಕಣ್ಣು ಮುಚ್ಚಿಕೊಂಡ. ತಾರಸಿಯ ಬಿಳಿ ಗೆರೆಯೊಳಗೆ ನಿಂತ ಹಾಗಾಯಿತು.

"ಲಂಗರಿನ ರೋಲರ್ರಾ?" ಒಂದು. "ಹಗ್ಗದ ಗೂಟ?" ಒಂದು. ಗದ್ದಲ ಏರಿತು, ಸಾಹೇಬರ ದನಿ ಮುಳುಗಿ ಮತ್ತೆ ಮೇಲೆ ಬಂತು. "…ಚಿನ ಕಂಬಗಳಾ?" ಒಂದು. "ಹಾಯಿಕಂಬ?" ಒಂದು. ಮಾನಪ್ಪ ಸಾಹೇಬರ ಜೊತೆ ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಬರುತ್ತಿದ್ದ. ಇನ್ನು ವಿಂಚು, ಆಮೇಲೆ ಗುಂಡಿ, ಅಲ್ಲೇ ಕೊಂಡಿ. ಬನ್ನಿ ಸಾಹೇಬ್ರ, ಇನ್ನೆರಡು ಹೆಜ್ಜೆ ಬನ್ನಿ.

"ವಿಂಚು?"

ಒಂದು.

"ಆಮೇಲೆ ಕೊಂಡಿ ಆರು." ಮಾನಪ್ಪ ಉಸಿರು ಬಿಗಿಹಿಡಿದ. ಸಾಹೇಬರು ನಿಲ್ಲಿಸಲಿಲ್ಲ. "ಅದನ್ನ ಬಿಡಿ, ಅದು ಮಾನಪ್ಪಂದು. ಉಜ್ಜಿದೀಯಾ ಅಂತ ಬಾಯಿಬಿಟ್ಟು ಕೇಳಿದೀನಿ, ಇಲ್ಲ ಅಂದಿದಾನೆ. ಇನ್ನೊಂದು ಸಲ ಕೇಳಿದ್ರೆ ಆ ಮನುಷ್ಯನಿಗೆ ಅವಮಾನ ಮಾಡಿದ ಹಾಗೆ. ಮುಂದಿಂದು, ಚುಕ್ಕಾಣಿಯಾ?"

"ಇಲ್ರೀ! ಕೇಳ್ರೀ, ಅದನ್ನ ಕೇಳ್ರೀ ಸಾಹೇಬ್ರ!" ಮಾನಪ್ಪ ಕೂಗಿಕೊಂಡು ಮೇಜಿನ ಮೇಲೆ ಬಿದ್ದ. ಮುನಿವೆಂಕಟಪ್ಪನವರ ಕೈ ತಳ್ಳಿ ಕೀಲಿ ಹಿಡಿದು ಒತ್ತಿದ, ಒತ್ತಿದ, ಒತ್ತುತ್ತಲೇ ಹೋದ.

"ಬಿಡಯ್ಯಾ! ಬಿಡು ಅಂದೆ!" ಮುದುಕರು ಅವನ ರಟ್ಟೆ ಹಿಡಿದು ಎಳೆದರು.

"ಹೌದಾ!" ಅಂತು ರೇಡಿಯೋ. "ಇಷ್ಟು ಸಲ ಒತ್ತಿದೀರಿ ಅಂದ್ರೆ ಏನೋ ಇರಬೇಕು. ಮಧ್ಯಾಹ್ನದಿಂದ ಯಾಕೋ ಚುಕ್ಕಾಣಿ ಕಟಕಟ ಅಂತಿತ್ತು. ನಿಮಗೆ ಹೇಗಯ್ಯಾ ಗೊತ್ತಾಯ್ತು? ಕತ್ತಲಾಗೋದ್ರೊಳಗೆ ನೋಡೇಬಿಡ್ತೀನಿ. ಸುಮೈರಾ, ಮೈಕ್ ಹಿಡ್ಕೋ."

ಮುನಿವೆಂಕಟಪ್ಪ ಒಂದು ಸಲ ಒತ್ತಿದರು. ತಡೆದು, ಮತ್ತೆ ಒಂದು ಸಲ. ಆ ಕಡೆ ಮೈಕು ಕೈ ಬದಲಾಗುತ್ತಿತ್ತು, ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಬಂದದ್ದು ಸುಮೈರಾ ದನಿ. "ಹಲೋ, ಇವ್ರು ಹಿಂದಕ್ಕೆ ಹೋಗ್ತಿದಾರೆ. ಅಂಚಿಗೆ ಬಗ್ಗಿ ನೋಡ್ಬೇಕಂತೆ. ಆಪಾಗೆ ಹೆದರ್ಕೋಬೇಡಿ ಅಂತ ಹೇಳಿ, ಬೆಲ್ಟ್ ಕೊಂಡಿಗೆ ಹಾಕ್ಕೊಂಡಿದಾರೆ. ನಾನೂ ಮೇಲೆ ಹೋಗಿ ಅವರನ್ನ ಹಿಡ್ಕೋತೀನಿ, ನಾನೂ ಹಾಕ್ಕೋ…"

ಭೋರ್ ಅಂತು. ಆಮೇಲೆ ಬರೀ ಭೋರ್ ಅನ್ನೋದೇ.

ಮುನಿವೆಂಕಟಪ್ಪ ಇಪ್ಪತ್ತು ನಿಮಿಷ ಗುಂಡಿಗಳನ್ನ ತಿರುಗಿಸಿದರು. ಮೈಕಿನಲ್ಲಿ ಕರೆದರು, ಕೀಲಿ ಒತ್ತಿದರು. ಕೊಚ್ಚಿಯಲ್ಲಿ ಗೊತ್ತಿದ್ದ ಇನ್ನೊಬ್ಬ ರೇಡಿಯೋದವರನ್ನ ಕೂಗಿ ಕೇಳಿದರು, ಅವರಿಗೂ ಏನೂ ಕೇಳಿಸುತ್ತಿರಲಿಲ್ಲ. ಕಡೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮಾನಪ್ಪನ ಕಡೆ ತಿರುಗಿದರು. ಸಿಟ್ಟೂ ಇರಲಿಲ್ಲ ಅವರಲ್ಲಿ.

"ಒಂದು ಸಲ ಒತ್ತಿದ್ರೆ ಆಗ್ತಿತ್ತಲ್ಲಯ್ಯಾ. ಚುಕ್ಕಾಣಿ ಅಲ್ಲ ಅಂದಿದ್ರೆ ಉಳಿದಿದ್ದು ಅದೊಂದೇ. ತಾನಾಗೇ ಅದಕ್ಕೆ ಬರ್ತಿದ್ದ."

ಹೌದಲ್ಲ. ಮಾನಪ್ಪನಿಗೆ ಆಗ ಹೊಳೆಯಿತು. ನೆಲದ ಮೇಲೆ ಕುಸಿದು ಕೂತ. ಹಲಸೂರಿನಿಂದ ಇಲ್ಲಿಯವರೆಗೆ ಓಡಿಬಂದಿದ್ದು ಸಾಹೇಬರನ್ನ ಆ ಕೊಂಡಿಯಿಂದ ಬಿಡಿಸೋಕೆ. ಬಂದು ಮಾಡಿದ್ದೇನು? ಸುಮ್ಮನೆ ಕೂತಿರಬೇಕಾದ ಮನುಷ್ಯನನ್ನ ಅದೇ ಕೊಂಡಿಯ ಭರವಸೆಯ ಮೇಲೆ ಅಂಚಿಗೆ ಕಳಿಸಿದ.

ಶಂಶುನ್ನೀಸಾಗೆ ಇದೊಂದೂ ಅರ್ಥವಾಗಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು.

"ಏನಾಯ್ತು? ಏನು ಹೇಳಬೇಕಾಗಿತ್ತು ನೀವು ಅವನಿಗೆ?"

ಮಾನಪ್ಪ ಜೇಬಿನಿಂದ ಕೊಂಡಿ ತೆಗೆದು ಅವರ ಕೈಯಲ್ಲಿಟ್ಟ. ಆಯಮ್ಮ ಅದನ್ನ ಬೆಳಕಿಗೆ ಹಿಡಿದು ತಿರುಗಿಸಿದರು. ಕಿತ್ತುಹೋದ ಕಾಲನ್ನ ನೋಡಲಿಲ್ಲವೋ, ನೋಡಿದರೂ ತಿಳಿಯಲಿಲ್ಲವೋ. ಇನ್ನೂ ಅಂಟಿಕೊಂಡಿದ್ದ ಕಾಲಿನ ಬುಡಕ್ಕೆ ಹೆಬ್ಬೆರಳಿಟ್ಟು ಹಿಂದೆ ಮುಂದೆ ಸವರಿದರು.

"ಇಂಥದಕ್ಕೇ ಅಲ್ವಾ ಅವರು ಕಟ್ಕೊಳ್ಳೋದು? ಎಷ್ಟು ನುಣುಪಾಗಿದೆ ಮಾನಪ್ಪಾ. ಬೆಸುಗೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

"ಉಜ್ಜೀನ್ರೀ ಅಮ್ಮಾ" ಅಂದ ಮಾನಪ್ಪ. "ಸಾಹೇಬ್ರು ಬ್ಯಾಡ ಅಂದಿದ್ರು. ಉಜ್ಜೀದಿ ಏನು ಅಂತ ಕೇಳಿದ್ರು. ನಾ ಇಲ್ಲ ಅಂದೆ."

ಶಂಶುನ್ನೀಸಾರ ಹೆಬ್ಬೆರಳು ನಿಂತಿತು. ಅವರು ಕೊಂಡಿಯನ್ನ ಮತ್ತೆ ನೋಡಿದರು, ಈಗ ಕಿತ್ತ ಕಾಲನ್ನ. ಕುರ್ಚಿಯನ್ನ ಎಳೆದು ರೇಡಿಯೋದ ಹತ್ತಿರಕ್ಕೆ ಹಾಕಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕೊಂಡಿಯನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಕೂತರು.

"ಇನ್ನು ನಾಳೆ ಐದು ಗಂಟೆಗೇ ತಾಯಿ" ಅಂದರು ಮುನಿವೆಂಕಟಪ್ಪ.

"ಆಗ್ಲಿ" ಅಂದರು ಶಂಶುನ್ನೀಸಾ. "ನೀವು ಅದನ್ನ ಆರಿಸಬೇಡಿ. ನಾನು ಇಲ್ಲೇ ಇರ್ತೀನಿ."